ಪೆನ್ನು ಎತ್ತದೆ ಗೀಚಿದರೆ ಸಾಕೇ?

"ಪೆನ್ನು ಎತ್ತದೆ ಗ್ರಾಫ್ ಬಿಡಿಸೋಕೆ ಬಂದರೆ ಆ ಫಂಕ್ಷನ್ ಕಂಟಿನ್ಯೂಸ್, ಎತ್ತಬೇಕಾಗಿ ಬಂದರೆ ಡಿಸ್‌ಕಂಟಿನ್ಯೂಸ್." ಸೆಕೆಂಡ್ ಪಿಯುಸಿಯ ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ ಇದೇ. (ಫಂಕ್ಷನ್ ಅಂದರೆ ಎಕ್ಸ್ ಅಂತ ಒಂದು ಸಂಖ್ಯೆ ಕೊಟ್ಟರೆ ಅದಕ್ಕೆ ಒಂದು ಬೆಲೆ ಹೇಳುವ ನಿಯಮ.) ಕಾರವಾರದ ನಮ್ಮ ಮನೆ ಜಗಲಿಯಲ್ಲಿ ಸಂಜೆ ಹೊತ್ತು ಅಕ್ಕಪಕ್ಕದ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಪ್ರತಿ ವರ್ಷ ಈ ಕಂಟಿನ್ಯೂಟಿ (ನಿರಂತರತೆ) ಪಾಠಕ್ಕೆ ಬಂದಾಗ ಪೆನ್ನಿನ ಮಾತನ್ನು ಮೊದಲು ಪಕ್ಕಕ್ಕೆ ಇಡಿಸಬೇಕಾಗುತ್ತದೆ. ಅದು ಪೂರ್ತಿ ಸುಳ್ಳು ಅಂತಲ್ಲ. ಆದರೆ ಅದನ್ನೇ ನಂಬಿಕೊಂಡು ಹೋದವರು ಅರ್ಧ ಪಾಠದಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ, ಆಮೇಲೆ ಉಳಿಯುವುದು ಬಾಯಿಪಾಠ ಮಾತ್ರ: ಎಡಗಡೆಯ ಲಿಮಿಟ್, ಬಲಗಡೆಯ ಲಿಮಿಟ್, ಅಲ್ಲಿನ ಬೆಲೆ, ಮೂರೂ ಸಮ, ಮುಗೀತು.

ಕಂಟಿನ್ಯೂಟಿ ಅನ್ನುವುದು ಇಡೀ ಗೆರೆಯನ್ನು ದೂರದಿಂದ ನೋಡಿ ಹೇಳುವ ಮಾತಲ್ಲ. ಒಂದೊಂದು ಬಿಂದುವಿನ ಹತ್ತಿರ ಹೋಗಿ ಕೇಳಬೇಕಾದ ಪ್ರಶ್ನೆ. ಆ ಬಿಂದುವಿನ ಆಚೀಚೆ ಇರುವ ನೆರೆಯವರನ್ನು ವಿಚಾರಿಸಿ, "ಇಲ್ಲಿ ಬೆಲೆ ಎಷ್ಟಿರಬೇಕು ಅಂತ ನಿಮಗನ್ನಿಸುತ್ತೆ?" ಎಡಗಡೆಯವರೂ ಬಲಗಡೆಯವರೂ ಒಂದೇ ಸಂಖ್ಯೆ ಹೇಳಿದರೆ ಅದು ಲಿಮಿಟ್. ಆಮೇಲೆ ಆ ಮನೆಯ ಬಾಗಿಲನ್ನೇ ತಟ್ಟಿ, ನಿಜವಾಗಿ ಅಲ್ಲಿ ಎಷ್ಟಿದೆ ಅಂತ ನೋಡಿ. ನೆರೆಯವರು ಹೇಳಿದ್ದೇ ಇದ್ದರೆ ಅಲ್ಲಿ ಫಂಕ್ಷನ್ ಕಂಟಿನ್ಯೂಸ್. ಇಷ್ಟೇ. ಲಿಮಿಟ್ ಹುಡುಕುವಾಗ ಆ ಬಿಂದುವಿನ ಸ್ವಂತ ಬೆಲೆಗೆ ಬಾಯಿಯೇ ಇಲ್ಲ, ಇದನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು.

(ಎಕ್ಸ್² − 4) ÷ (ಎಕ್ಸ್ − 2) ತಗೊಳ್ಳಿ. ಎಕ್ಸ್ 2 ಆದಾಗ ಮೇಲೂ ಸೊನ್ನೆ, ಕೆಳಗೂ ಸೊನ್ನೆ, ಬೆಲೆಯೇ ಇಲ್ಲ. ಬೇರೆ ಎಲ್ಲ ಕಡೆ ಇದು ಸುಮ್ನೆ ಎಕ್ಸ್ + 2. ಹಾಗಾಗಿ 1.999ರಲ್ಲಿ 3.999, 2.001ರಲ್ಲಿ 4.001, ನೆರೆಯವರೆಲ್ಲ ಒಂದೇ ದನಿಯಲ್ಲಿ 4 ಅನ್ನುತ್ತಾರೆ. ಮನೆ ಮಾತ್ರ ಖಾಲಿ. ಫೋನಿನ ಗ್ರಾಫ್ ಆ್ಯಪ್‌ನಲ್ಲಿ ಇದನ್ನು ಹಾಕಿದರೆ ನೆಟ್ಟಗಿನ ಗೆರೆಯೊಂದು ಕಾಣುತ್ತದೆ, ತೂತು ಕಣ್ಣಿಗೆ ಬೀಳುವುದೇ ಇಲ್ಲ, ಯಾಕಂದರೆ ಒಂದು ಬಿಂದುವಿಗೆ ಅಗಲವಿಲ್ಲ. ಅಲ್ಲಿಗೆ 4 ಅಂತ ನಾವೇ ಬೆಲೆ ಕೊಟ್ಟುಬಿಟ್ಟರೆ ತೂತು ಮುಚ್ಚುತ್ತದೆ. 7 ಅಂತ ಕೊಟ್ಟರೆ ಲಿಮಿಟ್ ಆಗಲೂ 4 ಆಗಿಯೇ ಇರುತ್ತದೆ, ಫಂಕ್ಷನ್ ಮಾತ್ರ ಅಲ್ಲಿ ಕಂಟಿನ್ಯೂಸ್ ಆಗುವುದಿಲ್ಲ.

ಇನ್ನೊಂದು ನಂಬಿಕೆ ಇದಕ್ಕಿಂತ ಗಟ್ಟಿ: ಒಂದು ಫಂಕ್ಷನ್‌ಗೆ ಎರಡು ಸೂತ್ರ ಕೊಟ್ಟಿದ್ದರೆ ಅದು ತುಂಡಾಗಿದೆ ಅಂತಲೇ ಅರ್ಥ. ಬಿಣಗಾದಿಂದ ಬರುವ ಹುಡುಗಿಯೊಬ್ಬಳು ಹೋದ ವಾರ ಪುಸ್ತಕದಲ್ಲಿ ಆ ದೊಡ್ಡ ಪುಷ್ಪಾವರಣ ಚಿಹ್ನೆ ನೋಡಿದ ಕೂಡಲೇ "ಅಕ್ಕಾ, ಇದು ಡಿಸ್‌ಕಂಟಿನ್ಯೂಸ್" ಅಂದಳು. "ಎಂತಕ್ಕೆ?" ಅಂದೆ. "ಎರಡು ಕೊಟ್ಟಿದಾರಲ್ಲ!" ಅವಳಿಗೆ ಈ ಲೆಕ್ಕ ಕೊಟ್ಟೆ. ಎಕ್ಸ್ 3 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಬೆಲೆ ಕೆ×ಎಕ್ಸ್ + 2. ಎಕ್ಸ್ 3ಕ್ಕಿಂತ ಜಾಸ್ತಿ ಇದ್ದಾಗ ಎಕ್ಸ್² − 1. ಕೆ ಎಷ್ಟಿದ್ದರೆ ಇದು ಕಂಟಿನ್ಯೂಸ್?

ಅವಳು ಪಟಪಟ ಅಂತ ಲೆಕ್ಕ ಮಾಡಿ ಕೆ = 2 ಅಂತ ತೋರಿಸಿದಳು. ಉತ್ತರ ಸರಿ. ಎಡಗಡೆಯಿಂದ 3ಕ್ಕೆ ಬಂದರೆ 3ಕೆ + 2, ಬಲಗಡೆಯಿಂದ ಬಂದರೆ 9 − 1 = 8, ಎರಡೂ ಸಮ ಅಂತ ಬರೆದರೆ ಕೆ ಸಿಗುತ್ತದೆ. ಆದರೆ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ಈ ಲೆಕ್ಕದಲ್ಲಿ ಆಗುತ್ತಿರುವುದೇನು ಅಂತ ಹೆಚ್ಚಿನವರು ನೋಡುವುದೇ ಇಲ್ಲ. ಹಾಳೆಯ ಮೇಲೆ ಬಿಡಿಸಿ ನೋಡಿ. ಬಲಗಡೆಯ ಬಾಗಿದ ಗೆರೆಗೆ ಕೆ ಸಂಬಂಧವೇ ಇಲ್ಲ, ಅದು 8ರ ಎತ್ತರದಲ್ಲಿ ಶುರುವಾಗಿ ಮೇಲೆ ಹೋಗುತ್ತದೆ. ಎಡಗಡೆಯ ನೇರ ಗೆರೆ ಕೆ ಎಷ್ಟೇ ಇದ್ದರೂ ಸೊನ್ನೆಯಲ್ಲಿ 2ರ ಎತ್ತರವನ್ನೇ ದಾಟುತ್ತದೆ. ಕೆ ಬದಲಾಯಿಸಿದರೆ ಆ ಗೆರೆ ಅಲ್ಲೇ ನಿಂತು ತಿರುಗುತ್ತದೆ. ಕೆ 1 ಆದರೆ ತುದಿ 5ಕ್ಕೆ ಬರುತ್ತದೆ, ಕೆ 3 ಆದರೆ 11ಕ್ಕೆ. ತಿರುಗಿಸುತ್ತಾ ಹೋದರೆ ಒಂದೇ ಒಂದು ಕೋನದಲ್ಲಿ ಎರಡು ತುದಿಗಳು ಕೂಡಿಕೊಳ್ಳುತ್ತವೆ. ಇದನ್ನು ಬಿಡಿಸಿ ತೋರಿಸಿದಾಗ ಅವಳೇ ಮುಂದಿನ ಪ್ರಶ್ನೆ ಕೇಳಿದಳು, ನನಗೆ ಬಹಳ ಖುಷಿಯಾಯಿತು: "ಕೂಡಿದ್ರೂ ಅಲ್ಲಿ ಮೂಲೆ ಇದ್ದಂಗೆ ಕಾಣ್ತದಲ್ಲ ಅಕ್ಕಾ?" ಹೌದು, ಇದೆ. ಎಡಗಡೆ ಇಳಿಜಾರು 2, ಬಲಗಡೆ 3ರ ಹತ್ತಿರ 6. ಗೆರೆ ಕಡಿದಿಲ್ಲ, ಆದರೆ ಥಟ್ಟನೆ ತಿರುಗಿದೆ. ಕಂಟಿನ್ಯೂಸ್ ಆದ ಮಾತ್ರಕ್ಕೆ ಡೆರಿವೇಟಿವ್ (ಆ ಬಿಂದುವಿನಲ್ಲಿ ಗೆರೆಯ ಇಳಿಜಾರು) ಇರಲೇಬೇಕಂತಿಲ್ಲ ಅಂತ ಪುಸ್ತಕ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುವ ವಿಷಯ ಇದೇ.

ಈ ಎರಡು ಸೂತ್ರದ ಗೊಂದಲ ನಮ್ಮ ಮಕ್ಕಳದ್ದು ಮಾತ್ರ ಅಲ್ಲ, ಅದಕ್ಕೆ ದೊಡ್ಡ ಇತಿಹಾಸವಿದೆ. 1748ರಲ್ಲಿ ಗಣಿತಜ್ಞ ಆಯ್ಲರ್ ತಾನು ಬರೆದ ಪುಸ್ತಕದಲ್ಲಿ ಒಂದೇ ಸೂತ್ರದಿಂದ ಬರುವ ಗೆರೆಯನ್ನೇ ಕಂಟಿನ್ಯೂಸ್ ಅಂತ ಕರೆದಿದ್ದ. ಪ್ರಾಗ್‌ನ ಬೋಲ್ಜಾನೋ 1817ರಲ್ಲಿ, ಪ್ಯಾರಿಸ್ಸಿನ ಕೋಶಿ 1821ರಲ್ಲಿ ಇದನ್ನು ಬಿಟ್ಟು, ಎಕ್ಸ್ ಸ್ವಲ್ಪ ಬದಲಾದರೆ ಬೆಲೆಯೂ ಸ್ವಲ್ಪವೇ ಬದಲಾಗಬೇಕು ಅನ್ನುವ ಈಗಿನ ಅರ್ಥಕ್ಕೆ ಬಂದರು. ಹಳೆಯ ಅರ್ಥ ಯಾಕೆ ನಿಲ್ಲುವುದಿಲ್ಲ ಅಂತ 1844ರಲ್ಲಿ ಕೋಶಿ ಒಂದು ಸಣ್ಣ ಉದಾಹರಣೆ ಕೊಟ್ಟ. ಎಕ್ಸ್ ಸೊನ್ನೆ ಅಥವಾ ಅದಕ್ಕಿಂತ ಜಾಸ್ತಿ ಇದ್ದಾಗ ಎಕ್ಸ್, ಕಡಿಮೆ ಇದ್ದಾಗ −ಎಕ್ಸ್. ಎರಡು ಸೂತ್ರ. ಆದರೆ ಇದನ್ನೇ ಎಕ್ಸ್²ದ ವರ್ಗಮೂಲ ಅಂತಲೂ ಬರೆಯಬಹುದು, ಆಗ ಒಂದೇ ಸೂತ್ರ! ಅದೇ ಫಂಕ್ಷನ್, ಬರೆಯುವ ರೀತಿ ಬದಲಾದರೆ ಗುಣ ಬದಲಾಗುವುದೇ? ನನಗೆ ಈ ಇಡೀ ಪಾಠದಲ್ಲಿ ಬಹಳ ಇಷ್ಟದ ಉದಾಹರಣೆ ಇದು.

ಇನ್ನು ನೆರೆಯವರೇ ಒಪ್ಪದ ಜಾಗಗಳು. ಎಡಗಡೆಯವರು ಒಂದು ಹೇಳುತ್ತಾರೆ, ಬಲಗಡೆಯವರು ಇನ್ನೊಂದು. ಇಂಥ ಜಿಗಿತಕ್ಕೆ ಬಸ್ ಟಿಕೆಟ್ ಎಲ್ಲರೂ ಕೊಡುವ ಉದಾಹರಣೆ. ಕಾರವಾರದಿಂದ ಅಂಕೋಲಾ ಕಡೆ ಹೋಗುವ ಬಸ್ಸಿನಲ್ಲಿ ದರ ಸ್ಟೇಜ್ ಲೆಕ್ಕದಲ್ಲಿ ಏರುತ್ತದೆ, ಅಮದಳ್ಳಿ, ಅವರ್ಸಾ ಅಂತ ಮುಂದೆ ಹೋದಂತೆ ಮೆಟ್ಟಿಲು ಮೆಟ್ಟಿಲಾಗಿ. ಗ್ರಾಫ್ ಬಿಡಿಸುವಾಗ ಪ್ರತಿ ಮೆಟ್ಟಿಲಿನ ತುದಿಯಲ್ಲಿ ಯಾವ ಚುಕ್ಕೆ ತುಂಬಿದ್ದು (ಅಲ್ಲಿನ ನಿಜವಾದ ಬೆಲೆ), ಯಾವುದು ಟೊಳ್ಳು ಅಂತ ಹಾಕಲೇಬೇಕು.

ನಾನು ಇದಕ್ಕಿಂತ ಕರೆಂಟ್ ಬಿಲ್ಲನ್ನೇ ಜಾಸ್ತಿ ಬಳಸುತ್ತೇನೆ, ಅದರಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಟ್ಟಿಗೆ ಸಿಗುತ್ತವೆ. ಗೃಹಜ್ಯೋತಿ ಬಂದದ್ದು 2023ರಲ್ಲಿ. ಒಂದು ಮನೆಯ ಹಿಂದಿನ ವರ್ಷದ ಸರಾಸರಿ ತಿಂಗಳಿಗೆ 100 ಯೂನಿಟ್ ಇತ್ತು ಅಂದುಕೊಳ್ಳಿ. ಅದರ ಮೇಲೆ ಶೇಕಡಾ 10 ಸೇರಿಸಿ 110 ಯೂನಿಟ್‌ವರೆಗೆ ಆ ಮನೆಗೆ ಬಿಲ್ ಸೊನ್ನೆ. 110 ದಾಟಿದರೆ ದಾಟಿದ ಯೂನಿಟ್‌ಗಳಿಗೆ ಮಾತ್ರ ದುಡ್ಡು. ಆದರೆ 200 ದಾಟಿತೋ, ಇಡೀ ಬಿಲ್ ಕಟ್ಟಬೇಕು. ಬಿಲ್ಲಿನಲ್ಲಿ ಇಡೀ ಯೂನಿಟ್ ಲೆಕ್ಕವೇ ಹಿಡಿಯುತ್ತಾರೆ, ನಾವು ಸದ್ಯಕ್ಕೆ ದಶಮಾಂಶವನ್ನೂ ಸೇರಿಸಿಕೊಳ್ಳೋಣ. ಈಗ ಗ್ರಾಫ್ ಹಾಕಿ. 110ರವರೆಗೆ ನೆಲಕ್ಕೆ ಅಂಟಿದ ಗೆರೆ, ಅಲ್ಲಿಂದ ಓರೆಯಾಗಿ ಮೇಲೆ. 110ರಲ್ಲಿ ಏನಾಯಿತು? ಎಡಗಡೆಯವರು ಸೊನ್ನೆ ಅನ್ನುತ್ತಾರೆ, ಬಲಗಡೆಯವರು, 110ಕ್ಕಿಂತ ಒಂಚೂರೇ ಜಾಸ್ತಿ ಬಳಸಿದವರು, ಅವರೂ ಹೆಚ್ಚುಕಡಿಮೆ ಸೊನ್ನೆಯೇ ಅನ್ನುತ್ತಾರೆ. ಕಂಟಿನ್ಯೂಸ್, ಮೂಲೆ ಮಾತ್ರ ಇದೆ. 200ರಲ್ಲಿ? ಎಡಗಡೆಯವರು 90 ಯೂನಿಟ್ ದುಡ್ಡು ಕಟ್ಟಿದ್ದಾರೆ, ಬಲಗಡೆಯವರು ಪೂರಾ 200 ಯೂನಿಟ್‌ದ್ದು. ನಡುವೆ 110 ಯೂನಿಟ್ ದುಡ್ಡಿನ ಜಿಗಿತ. ಸರಿಯಾಗಿ 200ರಲ್ಲಿ ನಿಂತವನ ಬೆಲೆ ಎಡಗಡೆಯವರ ಜೊತೆಗೇ ಸೇರುತ್ತದೆ, ಹಾಗಾಗಿ ತುಂಬಿದ ಚುಕ್ಕೆ ಕೆಳಗೆ, ಟೊಳ್ಳು ಚುಕ್ಕೆ ಮೇಲೆ. ಏಪ್ರಿಲ್ ಮೇ ತಿಂಗಳಲ್ಲಿ ಕರಾವಳಿಯ ಸೆಕೆಗೆ ಫ್ಯಾನು ರಾತ್ರಿಯಿಡೀ ತಿರುಗುವಾಗ ಮೀಟರ್ 200ರ ಹತ್ತಿರ ಬಂದ ಮನೆಯವರಿಗೆ ಈ ಜಿಗಿತದ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ಮಕ್ಕಳಿಗೂ ಇದು ಒಂದೇ ಸಲಕ್ಕೆ ತಲೆಗೆ ಹೋಗುತ್ತದೆ.

ಆದಾಯ ತೆರಿಗೆಯಲ್ಲಿ ಇದೇ ಕತೆ ಇನ್ನೂ ಚೆಂದವಾಗಿ ಬರುತ್ತದೆ. ಸ್ಲ್ಯಾಬ್ ದಾಟಿದರೆ ಪೂರ್ತಿ ಸಂಬಳಕ್ಕೆ ಜಾಸ್ತಿ ದರ ಬೀಳುತ್ತದೆ ಅಂತ ಹೆದರುವವರು ಈಗಲೂ ಬಹಳ ಜನ ಇದ್ದಾರೆ. ಹಾಗಿಲ್ಲ. 2025-26ರ ಹೊಸ ಪದ್ಧತಿಯಲ್ಲಿ 4ರಿಂದ 8 ಲಕ್ಷದ ಭಾಗಕ್ಕೆ ಶೇಕಡಾ 5, 8ರಿಂದ 12ರ ಭಾಗಕ್ಕೆ 10, 12ರಿಂದ 16ರ ಭಾಗಕ್ಕೆ 15. ದರ ಜಿಗಿಯುತ್ತದೆ, ತೆರಿಗೆ ಜಿಗಿಯುವುದಿಲ್ಲ. 8 ಲಕ್ಷದಲ್ಲಿ ತೆರಿಗೆಯ ಗೆರೆಗೆ ಒಂದು ಮೂಲೆ, ಅಷ್ಟೇ. ಆದರೆ ತೆರಿಗೆಗೆ ಬರುವ ಆದಾಯ 12 ಲಕ್ಷದವರೆಗೆ ಇದ್ದರೆ ರಿಬೇಟ್ ಸಿಕ್ಕಿ ಏನೂ ಕಟ್ಟಬೇಕಾಗಿಲ್ಲ. ಸ್ಲ್ಯಾಬ್ ಪ್ರಕಾರ 12 ಲಕ್ಷಕ್ಕೆ ಲೆಕ್ಕ ಹಾಕಿದರೆ 20,000 + 40,000, ಒಟ್ಟು 60,000. ಸುಮ್ನೆ ಬಿಟ್ಟಿದ್ದರೆ 12 ಲಕ್ಷದ ಮೇಲೆ ನೂರು ರೂಪಾಯಿ ದುಡಿದವನು ಅರುವತ್ತು ಸಾವಿರ ಕಟ್ಟಬೇಕಾಗುತ್ತಿತ್ತು. ಅದಕ್ಕೇ ಮಾರ್ಜಿನಲ್ ರಿಲೀಫ್ ಅಂತ ಇಟ್ಟಿದ್ದಾರೆ: 12 ಲಕ್ಷದ ಮೇಲೆ ಎಷ್ಟು ದುಡಿದೆಯೋ ಅದಕ್ಕಿಂತ ಜಾಸ್ತಿ ತೆರಿಗೆ ಇಲ್ಲ. ಅಂದರೆ ಜಿಗಿತ ಇದ್ದ ಜಾಗದಲ್ಲಿ ಕಡಿದಾದ ಒಂದು ಓರೆ ಗೆರೆ ಹಾಕಿ ಎರಡೂ ಕಡೆ ಜೋಡಿಸಿದ್ದಾರೆ. ಆ ಗೆರೆ ಮಾಮೂಲಿ ತೆರಿಗೆಯ ಗೆರೆಯನ್ನು ಎಲ್ಲಿ ಮುಟ್ಟುತ್ತದೆ? 12 ಲಕ್ಷದ ಮೇಲಿನ ಆದಾಯ ಎಕ್ಸ್ ಆದರೆ ಎಕ್ಸ್ = 60,000 + 0.15 ಎಕ್ಸ್. ಎಕ್ಸ್ ಸುಮಾರು 70,588. ಸೆಸ್ ಬಿಟ್ಟು ಹೇಳುತ್ತಿದ್ದೇನೆ. ಹಳೆಯ ಪದ್ಧತಿಯಲ್ಲಿ 5 ಲಕ್ಷದ ರಿಬೇಟ್‌ಗೆ ಈ ಅನುಕೂಲ ಇಲ್ಲ, ಅಲ್ಲಿ 12,500 ರೂಪಾಯಿಯ ಜಿಗಿತ ಹಾಗೇ ಇದೆ. ಕಂಟಿನ್ಯೂಟಿ ಯಾಕೆ ಕಲಿಯಬೇಕು ಅಂತ ಕೇಳುವವರಿಗೆ ನಾನು ಈ ಎರಡು ಗ್ರಾಫ್ ಪಕ್ಕಪಕ್ಕ ಬಿಡಿಸಿ ಕೊಡುತ್ತೇನೆ.

ಇಲ್ಲಿಯವರೆಗೆ ಪೆನ್ನಿನ ಮಾತು ಹೇಗೋ ನಡೆಯುತ್ತದೆ. ಮುಂದೆ ನಡೆಯುವುದಿಲ್ಲ.

ಸೈನ್(ಪೈ ÷ ಎಕ್ಸ್) ಅನ್ನುವ ಫಂಕ್ಷನ್ ಸೊನ್ನೆಯ ಹತ್ತಿರ ಏನು ಮಾಡುತ್ತದೆ ನೋಡೋಣ. ಕ್ಯಾಲ್ಕುಲೇಟರನ್ನು ರೇಡಿಯನ್‌ಗೆ ಹಾಕಿಕೊಳ್ಳಿ. ಎಕ್ಸ್ 0.1 ಆದರೆ ಸೈನ್ 10 ಪೈ, ಅಂದರೆ 0. 0.01 ಆದರೆ ಸೈನ್ 100 ಪೈ, ಮತ್ತೆ 0. 0.001, 0.0001, ಎಲ್ಲಾ 0. ಪಟ್ಟಿ ಮಾಡಿದವರು ಯಾರಾದರೂ ಲಿಮಿಟ್ 0 ಅಂತಲೇ ಬರೆಯುತ್ತಾರೆ. ಈಗ ಎಕ್ಸ್ = 2/401 ಹಾಕಿ, ಅದು 0.005ರ ಹತ್ತಿರದ ಸಂಖ್ಯೆ. ಬೆಲೆ 1. ಅದರ ಪಕ್ಕದಲ್ಲೇ ಇರುವ 2/403ರಲ್ಲಿ −1. ಸೊನ್ನೆಗೆ ಎಷ್ಟು ಹತ್ತಿರ ಹೋದರೂ ಈ ಏರಿಳಿತ ನಿಲ್ಲುವುದಿಲ್ಲ, ದಟ್ಟವಾಗುತ್ತಾ ಹೋಗುತ್ತದೆ. ಇಲ್ಲಿ ಜಿಗಿತವೂ ಇಲ್ಲ, ತೂತು ಮುಚ್ಚುವ ಹಾಗೂ ಇಲ್ಲ. ನೆರೆಯವರು ಒಂದು ಮಾತಿಗೆ ಬರುವುದೇ ಇಲ್ಲ. ಇದನ್ನೇ ಎಕ್ಸ್‌ನಿಂದ ಗುಣಿಸಿ, ಸೊನ್ನೆಯಲ್ಲಿ ಬೆಲೆ 0 ಅಂತ ಇಟ್ಟುಬಿಡಿ. ಈಗ ಏರಿಳಿತ ಎಕ್ಸ್ ಮತ್ತು −ಎಕ್ಸ್ ಗೆರೆಗಳ ನಡುವೆ ಸಿಕ್ಕಿ ಕುಗ್ಗುತ್ತಾ ಬರುತ್ತದೆ, ಸೊನ್ನೆಯಲ್ಲಿ ಫಂಕ್ಷನ್ ಕಂಟಿನ್ಯೂಸ್. ಆದರೆ ಪೆನ್ನಿನಿಂದ ಬಿಡಿಸಿ ನೋಡಿ! ಸೊನ್ನೆಯಿಂದ 1ರವರೆಗಿನ ಆ ಗೆರೆಯ ಉದ್ದವೇ ಅನಂತ. ಪೆನ್ನು ಎತ್ತುವುದು ಬಿಡುವುದು ಆಮೇಲಿನ ಮಾತು, ಮುಗಿಸುವುದೇ ಆಗದು.

ನಾಲ್ಕು ಬೆಲೆ ಪಟ್ಟಿ ಮಾಡಿ ಲಿಮಿಟ್ ಹೇಳಿದರೆ ಮೋಸ ಹೋಗಬಹುದು ಅಂತ ಇದರಿಂದ ಗೊತ್ತಾಯಿತಲ್ವಾ. ಪುಸ್ತಕದ ಆ ಎಪ್ಸಿಲಾನ್ (ಬೆಲೆಗೆ ಹಾಕುವ ಷರತ್ತು), ಡೆಲ್ಟಾ (ಎಕ್ಸ್ ಎಷ್ಟು ದೂರದೊಳಗಿರಬೇಕು ಅನ್ನುವ ಉತ್ತರ) ಬಂದಿರುವುದು ಇದಕ್ಕೇ, ಮಕ್ಕಳನ್ನು ಹೆದರಿಸುವುದಕ್ಕಲ್ಲ. ಎಕ್ಸ್² ಅನ್ನು 3ರ ಹತ್ತಿರ ನೋಡಿ. ನೀವು "ಬೆಲೆ 9ರಿಂದ 0.1ಕ್ಕಿಂತ ದೂರ ಹೋಗಬಾರದು" ಅಂತ ಷರತ್ತು ಹಾಕಿ. ನಾನು "ಎಕ್ಸ್ 3ರಿಂದ 0.016 ಒಳಗಿರಲಿ, ಸಾಕು" ಅನ್ನುತ್ತೇನೆ. 3.016ರ ವರ್ಗ 9.096, 2.984ರ ವರ್ಗ 8.904, ಷರತ್ತು ಉಳಿಯಿತು. ನೀವು 0.01ಕ್ಕೆ ಬಿಗಿ ಮಾಡಿದರೆ ನಾನು 0.0016 ಅನ್ನುತ್ತೇನೆ. ನೀವು ಎಷ್ಟೇ ಬಿಗಿ ಮಾಡಿದರೂ ನನ್ನ ಹತ್ತಿರ ಉತ್ತರ ಇರಬೇಕು, ಮತ್ತು ಆ ದೂರದೊಳಗಿನ ಪ್ರತಿಯೊಂದು ಎಕ್ಸ್‌ಗೂ ಅದು ನಡೆಯಬೇಕು, ನನಗೆ ಬೇಕಾದ ನಾಲ್ಕಕ್ಕೆ ಮಾತ್ರ ಅಲ್ಲ. ಕರೆಂಟ್ ಬಿಲ್ಲಿನ 200ರಲ್ಲಿ ನೀವು "ಒಂದು ರೂಪಾಯಿಗಿಂತ ಜಾಸ್ತಿ ವ್ಯತ್ಯಾಸ ಬೇಡ" ಅಂದರೆ ನಾನು ಸೋತೆ, ಯಾಕಂದರೆ 200ರ ಬಲಗಡೆ ಎಷ್ಟು ಹತ್ತಿರ ನಿಂತರೂ ಜಿಗಿತ ಕರಗುವುದಿಲ್ಲ.

1 ÷ ಎಕ್ಸ್ ಬಗ್ಗೆ ಒಂದು ಜಗಳ ಯಾವಾಗಲೂ ಬರುತ್ತದೆ. ನಮ್ಮ ಪಿಯು ಪುಸ್ತಕ ಅದನ್ನು ಕಂಟಿನ್ಯೂಸ್ ಅನ್ನುತ್ತದೆ. ಬೇರೆ ಕೆಲವು ಪುಸ್ತಕ, ವಿಡಿಯೋಗಳಲ್ಲಿ ಸೊನ್ನೆಯಲ್ಲಿ ಡಿಸ್‌ಕಂಟಿನ್ಯೂಸ್ ಅಂತಿರುತ್ತದೆ. ಮಕ್ಕಳಿಗೆ ಯಾವುದು ಸರಿ ಅಂತ ತಲೆಬಿಸಿ. ನಾನು ಪಿಯು ಪುಸ್ತಕದ ಕಡೆಗೇ. ಸೊನ್ನೆಯಲ್ಲಿ ಆ ಫಂಕ್ಷನ್ ಇಲ್ಲವೇ ಇಲ್ಲ, ಡೊಮೇನ್‌ನಲ್ಲೇ (ಫಂಕ್ಷನ್‌ಗೆ ಬೆಲೆ ಇರುವ ಎಕ್ಸ್‌ಗಳ ಗುಂಪಿನಲ್ಲೇ) ಇಲ್ಲದ ಬಿಂದುವಿನಲ್ಲಿ ಕಂಟಿನ್ಯೂಟಿ ಕೇಳುವುದು ಹೇಗೆ? ಇರುವ ಪ್ರತಿ ಬಿಂದುವಿನಲ್ಲೂ ಅದು ಕಂಟಿನ್ಯೂಸ್. ಪೆನ್ನು ಎತ್ತಲೇಬೇಕು, ಆದರೂ ಕಂಟಿನ್ಯೂಸ್. ಸೊನ್ನೆಗೂ ಏನಾದರೂ ಒಂದು ಬೆಲೆ ಕೊಟ್ಟರೆ ಮಾತು ಬೇರೆ, ಆಗ ಯಾವ ಬೆಲೆ ಕೊಟ್ಟರೂ ಅಲ್ಲಿ ಡಿಸ್‌ಕಂಟಿನ್ಯೂಸ್. ಬೇರೆ ಪುಸ್ತಕದವರು ಹೇಳುವುದು ಅಲ್ಲಿ ತುಂಬಲಾಗದ ಬಿರುಕಿದೆ ಅಂತ. ಅದೂ ನಿಜವೇ, ಆದರೆ ಹೇಳುತ್ತಿರುವ ಸಂಗತಿ ಬೇರೆ.

ಕಂಟಿನ್ಯೂಟಿ ಅನ್ನುವುದು ಬಿಂದುವಿನ ಗುಣ ಅಂತ ಒಪ್ಪದವರಿಗೆ ಕೊನೆಯದಾಗಿ ತೋರಿಸುವುದು ಇದು. 1829ರಲ್ಲಿ ಡಿರಿಕ್ಲೇ ಅನ್ನುವ ಗಣಿತಜ್ಞ, ಎಕ್ಸ್ ಭಾಗಲಬ್ಧ ಸಂಖ್ಯೆ (ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದದ್ದು) ಆದರೆ ಒಂದು ಬೆಲೆ, ಅಭಾಗಲಬ್ಧ ಆದರೆ ಇನ್ನೊಂದು ಬೆಲೆ ಇರುವ ಫಂಕ್ಷನ್ ಕೊಟ್ಟ. ಅದು ಎಲ್ಲೂ ಕಂಟಿನ್ಯೂಸ್ ಅಲ್ಲ. ಆ ಬೆಲೆಗಳನ್ನು 1 ಮತ್ತು 0 ಅಂತ ಇಟ್ಟುಕೊಂಡು ಇಡೀ ಫಂಕ್ಷನ್ ಅನ್ನು ಎಕ್ಸ್‌ನಿಂದ ಗುಣಿಸಿ. ಭಾಗಲಬ್ಧ ಇದ್ದಲ್ಲಿ ಎಕ್ಸ್, ಇಲ್ಲದಲ್ಲಿ 0. ಸೊನ್ನೆಯ ಹತ್ತಿರ ಎರಡೂ ಸೊನ್ನೆಗೇ ಬರುತ್ತವೆ, ಹಾಗಾಗಿ ಸೊನ್ನೆ ಎಂಬ ಒಂದೇ ಒಂದು ಬಿಂದುವಿನಲ್ಲಿ ಇದು ಕಂಟಿನ್ಯೂಸ್, ಬೇರೆ ಎಲ್ಲೂ ಇಲ್ಲ. ಇದನ್ನು ಬಿಡಿಸುವ ಪೆನ್ನೇ ಹುಟ್ಟಿಲ್ಲ.

ಹಾಗಾದರೆ ಇಡೀ ಗೆರೆಯ ಬಗ್ಗೆ ಏನೂ ಹೇಳೋಕೆ ಬರುವುದಿಲ್ಲವೇ? ಬರುತ್ತದೆ. ಎರಡು ತುದಿಗಳಲ್ಲೂ ಅವುಗಳ ನಡುವಿನ ಪ್ರತಿ ಬಿಂದುವಿನಲ್ಲೂ ಕಂಟಿನ್ಯೂಸ್ ಇದ್ದರೆ ಆ ಫಂಕ್ಷನ್ ತುದಿಗಳ ಬೆಲೆಗಳ ನಡುವಿನ ಯಾವ ಬೆಲೆಯನ್ನೂ ಬಿಟ್ಟು ಹೋಗಲಾರದು. ಬೋಲ್ಜಾನೋ 1817ರಲ್ಲಿ ಸಾಧಿಸಿದ್ದು ಇದನ್ನೇ. ಕುಮಟಾ ಸಮುದ್ರಮಟ್ಟಕ್ಕೆ ಹತ್ತಿರ, ಶಿರಸಿ ಸುಮಾರು 600 ಮೀಟರ್ ಎತ್ತರ, ಹಾಗಾಗಿ ದೇವಿಮನೆ ಘಟ್ಟ ಹತ್ತುವ ಬಸ್ಸು 300 ಮೀಟರ್ ಎತ್ತರವನ್ನು ಎಲ್ಲೋ ದಾಟಲೇಬೇಕು. ಇದು ಎಲ್ಲರಿಗೂ ಕಾಣುತ್ತದೆ. ಕಾಣದ್ದು ಇನ್ನೊಂದಿದೆ. ಶನಿವಾರ ಬೆಳಿಗ್ಗೆ 7ಕ್ಕೆ ಕುಮಟಾ ಬಿಟ್ಟು 9ಕ್ಕೆ ಶಿರಸಿ ಮುಟ್ಟಿದಿರಿ. ಭಾನುವಾರ 7ಕ್ಕೆ ಶಿರಸಿ ಬಿಟ್ಟು ಅದೇ ರಸ್ತೆಯಲ್ಲಿ 9ಕ್ಕೆ ಕುಮಟಾಕ್ಕೆ ಬಂದಿರಿ. ಎರಡೂ ದಿನ ಸರಿಯಾಗಿ ಅದೇ ಗಳಿಗೆಯಲ್ಲಿ ನೀವಿದ್ದ ಒಂದು ಜಾಗ ಆ ರಸ್ತೆಯಲ್ಲಿ ಇದ್ದೇ ಇದೆ.

ಇದನ್ನು ಹೇಳಿದಾಗ ಶಿರಸಿಯಿಂದ ರಜೆಗೆ ಬಂದಿದ್ದ ನಮ್ಮ ಅಕ್ಕನ ಮಗ ಒಪ್ಪಲೇ ಇಲ್ಲ. "ಚಿಕ್ಕಮ್ಮಾ, ಒಂದಿನ ರಸ್ತೆ ಕೆಲಸ ನಡೆಯೋ ಕಡೆ ಬಸ್ಸು ಅರ್ಧ ತಾಸು ನಿಂತ್ರೆ?" ನಿಲ್ಲಲಿ. ತಿರುವಿನಲ್ಲಿ ಲಾರಿಗೆ ದಾರಿ ಬಿಡೋಕೆ ಹಿಂದೆ ಬರಲಿ. ಇಳಿದು ಚಾ ಕುಡೀರಿ. ಶನಿವಾರ ಕುಮಟಾದಿಂದ ಇದ್ದ ದೂರದಲ್ಲಿ ಭಾನುವಾರ ಇದ್ದ ದೂರವನ್ನು ಕಳೆಯಿರಿ. 7 ಗಂಟೆಗೆ ಈ ವ್ಯತ್ಯಾಸ ಮೈನಸ್, 9ಕ್ಕೆ ಪ್ಲಸ್. ಬಸ್ಸು ಇದ್ದಲ್ಲಿಂದ ಮಾಯವಾಗಿ ಇನ್ನೊಂದು ಕಡೆ ಪ್ರತ್ಯಕ್ಷ ಆಗುವುದಿಲ್ಲ, ಹಾಗಾಗಿ ವ್ಯತ್ಯಾಸ ಕಂಟಿನ್ಯೂಸ್, ನಡುವೆ ಎಲ್ಲೋ ಸೊನ್ನೆ ಆಗಲೇಬೇಕು. ಆ ಸೊನ್ನೆಯೇ ನಮಗೆ ಬೇಕಾದ ಗಳಿಗೆ. 1 ÷ ಎಕ್ಸ್‌ಗೆ ಈ ವಾದ ನಡೆಯುವುದಿಲ್ಲ, ಅದು −1ರಲ್ಲಿ ಮೈನಸ್, 1ರಲ್ಲಿ ಪ್ಲಸ್, ಆದರೆ ಎಲ್ಲೂ ಸೊನ್ನೆ ಆಗುವುದಿಲ್ಲ, ಯಾಕಂದರೆ ನಡುವಿನ ಒಂದು ಬಿಂದು ಅದರ ಹತ್ತಿರ ಇಲ್ಲ.

ಹುಡುಗ ಸ್ವಲ್ಪ ಹೊತ್ತು ಯೋಚನೆ ಮಾಡಿ, ಭಾನುವಾರ 8ಕ್ಕೆ ಹೊರಟು 10ಕ್ಕೆ ಮುಟ್ಟಿದರೂ ಇದು ಆಗುತ್ತಾ ಅಂತ ಕೇಳಿದ. ಆಗುತ್ತದೆ, ಈಗ 8ರಿಂದ 9ರವರೆಗಿನ ಒಂದು ತಾಸನ್ನಷ್ಟೇ ನೋಡಿದರೆ ಸಾಕು. 8ಕ್ಕೆ ಭಾನುವಾರದವರು ಶಿರಸಿಯಲ್ಲೇ ಇದ್ದಾರೆ, ಶನಿವಾರದವರು ಇನ್ನೂ ದಾರಿಯಲ್ಲಿ, ವ್ಯತ್ಯಾಸ ಮೈನಸ್. 9ಕ್ಕೆ ಶನಿವಾರದವರು ಶಿರಸಿ ಮುಟ್ಟಿದ್ದಾರೆ, ಭಾನುವಾರದವರು ಅರ್ಧ ದಾರಿ ಇಳಿದಿದ್ದಾರೆ, ಪ್ಲಸ್. ಒಂಬತ್ತೂವರೆಗೆ ಹೊರಟರೆ ಮಾತ್ರ ಆಗುವುದಿಲ್ಲ. ಯಾಕೆ ಅಂತ ಅವನೇ ಹೇಳಿದ.